ಬ್ರಿನ್ ಮೆಲಿನ್‌ಗೆ ಎರಡು ಬಾಲ

ಹಾರ್ಲೆಕ್
4 ಮಾರ್ಚ್ 2019

ಶೆರಿಲ್ ಅವರಿಗೆ,

ಫೋನ್ ಮಾಡುತ್ತಿಲ್ಲ. ಕಳೆದ ಸಲ ಮಾತಾಡಿದಾಗ ಯಾರು ಮೊದಲು ಫೋನ್ ಇಟ್ಟರೋ ನೆನಪಿಲ್ಲ, ಇಬ್ಬರೂ ಇಟ್ಟೆವು ಎನ್ನುವುದು ನೆನಪಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಶುಕ್ರವಾರ ಡೇವಿಡ್ ಸಂತನ ಹಬ್ಬ. ನಮ್ಮ ಚಾಪೆಲಿನ ಹಿಂದಿನ ಕೋಣೆಯಲ್ಲಿ ಎಂದಿನಂತೆ ಊಟವಿತ್ತು. ಕುರಿಮಾಂಸದ ಸಾರು, ಬ್ರೆಡ್ಡು, ಚೀಸು. ಚೀಸು ಮೇಜಿಗೆ ಬಂದಾಗ ಅದು ನಮ್ಮ ಬ್ರಿನ್ ಮೆಲಿನ್ ಜಮೀನಿನದು ಎಂದು ಗೊತ್ತಾಗಿ ನನಗೆ, ಸುಳ್ಳು ಯಾಕೆ ಹೇಳಲಿ, ಹೆಮ್ಮೆಯೇ ಆಯಿತು. ಪಕ್ಕದಲ್ಲಿ ಕೂತಿದ್ದ ಮಿಸೆಸ್ ಪ್ಯಾರಿ ಕನ್ನಡಕ ಏರಿಸಿ ಮೇಲಿನ ಚೀಟಿ ಓದಿದರು. ಓದಿ ನನ್ನ ಕಡೆ ತಿರುಗಿದರು.

"ಎಲುನೆಡ್, ಇದು ನಿಮ್ಮ ಬ್ರಿನ್ ಮೆಲಿನ್ನೇ ತಾನೆ? ಯಾವಾಗ ಮಾರ್ಬಿಟ್ರಿ ಇಂಗ್ಲಿಷ್‌ನೋರಿಗೆ?"

ನಾನು ಚೀಟಿ ನೋಡಿದೆ. ಕುರಿಯ ಚಿತ್ರ, ಅದರ ಕೆಳಗೆ ನಿಮ್ಮ ಹೊಸ ವೆಬ್‌ಸೈಟಿನ ಹೆಸರು: ಬ್ರಿನ್ ಮೆಲಿನ್ ಡಾಟ್ ವೇಲ್ಸ್.

ಆ ಮೇಜಿನ ಸುತ್ತ ಕೂತವರಲ್ಲಿ ಅರ್ಧ ಜನ ನನ್ನ ಕೈಯಲ್ಲಿ ಅಕ್ಷರ ಕಲಿತವರು. ಮೂವತ್ತು ವರ್ಷ ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ಏನೆಂದರೆ ನಮ್ಮ ದೇಶದ ಹೆಸರು ಕಮ್ರಿ. ಒಂದೇ ನೆಲದ ಜನ, ನಮ್ಮವರು ಎಂದು ಅದರ ಅರ್ಥ. ವೇಲ್ಸ್ ಎನ್ನುವುದು ಪೂರ್ವದಿಂದ ನುಗ್ಗಿ ಬಂದ ಇಂಗ್ಲಿಷರು ನಮಗೆ ಇಟ್ಟ ಹೆಸರು. ಅವರ ಬಾಯಲ್ಲಿ ಅದರ ಅರ್ಥ ಪರಕೀಯರು. ನಮ್ಮ ಮನೆಗೇ ಬಂದು ನಮ್ಮನ್ನೇ ಹೊರಗಿನವರು ಎಂದರು. ನಿಮಗೆ ಇದು ಗೊತ್ತಿರಲಿಕ್ಕಿಲ್ಲ, ಇಂಗ್ಲೆಂಡಿನಲ್ಲಿ, ನಿಮ್ಮ ಸ್ಟೋಕ್‌ನ ಶಾಲೆಗಳಲ್ಲಿ ಇದನ್ನು ಕಲಿಸುವುದಿಲ್ಲ.

ನನ್ನ ಮಗ ಗೆರೈಂಟ್ ತೀರಿಹೋಗಿ ಇನ್ನೂ ಎರಡೂವರೆ ವರ್ಷ ಆಗಿಲ್ಲ. ಅವನು ಹೋದ ಮೇಲೆ ನಾನು ತಂಗಿ ಬೆಟ್ಸಾನ್‌ಳ ಮನೆಗೆ ಬಂದೆ. ಜಮೀನು, ಮನೆ, ಕುರಿ ಎಲ್ಲವನ್ನೂ ಸೊಸೆಯಾದ ನಿಮಗೆ ಬಿಟ್ಟು ಬಂದೆ. ನನ್ನ ಗಂಡನ ಅಜ್ಜ ಕಲ್ಲು ಹೊತ್ತು ಕಟ್ಟಿದ ಮನೆಯ ಮುಂದೆ ‘ಪರಕೀಯರ ಮನೆ’ ಎಂದು ಬೋರ್ಡು ಹಾಕಲಿ ಎಂದು ಬಿಟ್ಟು ಬರಲಿಲ್ಲ. ವೆಬ್‌ಸೈಟಿನ ಹೆಸರಿಗೆ ಡಾಟ್ ಕಮ್ರಿ ಎಂಬ ಕೊನೆಯೂ ಸಿಗುತ್ತದಂತೆ, ಬೆಟ್ಸಾನ್ ನೋಡಿ ಹೇಳಿದಳು.

ಬದಲಾಯಿಸಿ.

ಎಲುನೆಡ್ ಪ್ರೊಬರ್ಟ್

*

ಬ್ರಿನ್ ಮೆಲಿನ್
9 ಮಾರ್ಚ್ 2019

ಎಲುನೆಡ್ ಅವರಿಗೆ,

ನಿಮ್ಮ ಪತ್ರವನ್ನು ಕೊಟ್ಟಿಗೆಯಲ್ಲಿ ನಿಂತು ಓದಿದೆ. ಮೊಣಕೈವರೆಗೆ ರಕ್ತ, ಲೋಳೆ. ಕುರಿ ಈಯುವ ತಿಂಗಳು ಇದು ಎನ್ನುವುದು ನಿಮಗೆ ಮರೆತಿರಲಾರದು. ಅವಳಿ ಮರಿ, ಒಂದು ಅಡ್ಡ ತಿರುಗಿತ್ತು. ಎರಡೂ ಬದುಕಿದವು, ನೀವು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ.

ವೆಬ್‌ಸೈಟ್ ಮಾಡಿಕೊಟ್ಟವನು ಚೆಸ್ಟರಿನವನು. ಎಲ್ಲ ಸಿದ್ಧವಾದ ಮೇಲೆ ಕೊನೆಗೆ, "ಹೆಸರಿಗೆ ಬಾಲ ಯಾವ್ದು ಹಾಕ್ಲಿ?" ಎಂದು ಕೇಳಿದ. ಡಾಟ್ ಕಾಮ್ ಕೆನಡಾದಲ್ಲಿ ಮೇಣದ ಬತ್ತಿ ಮಾರುವ ಯಾರೋ ತೆಗೆದುಕೊಂಡಿದ್ದರು. ಡಾಟ್ ಯುಕೆ ಸಿಗುತ್ತಿತ್ತು. ಅದನ್ನು ಹಾಕಿದ್ದರೆ ಗೆರೈಂಟ್ ಗೋರಿಯಿಂದ ಎದ್ದು ಬರುತ್ತಿದ್ದ, ಅಷ್ಟು ನನಗೂ ಗೊತ್ತು. ಫಾರ್ಮ್ ಎಂಬ ಬಾಲವೂ ಇತ್ತು, ಆದರೆ ಯಾವ ದೇಶದ ಫಾರ್ಮ್ ಎಂದು ಯಾರಿಗೆ ತಿಳಿಯಬೇಕು? ಉಳಿದದ್ದು ಎರಡು, ವೇಲ್ಸ್ ಮತ್ತು ಕಮ್ರಿ.

ನನ್ನ ಚೀಸು ಕೊಳ್ಳುವವರು ಲಿವರ್‌ಪೂಲ್, ಮ್ಯಾಂಚೆಸ್ಟರ್, ಲಂಡನ್ನಿನಲ್ಲಿದ್ದಾರೆ. ಅವರಿಗೆ ಫೋನಿನಲ್ಲಿ ಕಮ್ರಿ ಎಂದರೆ ಹೇಗೆ ಬರೆಯಬೇಕು ಎಂದು ತಿಳಿಯುವುದಿಲ್ಲ, ಬರೆದು ತೋರಿಸಿದರೆ ‘ಸೈಮ್ರು’ ಎಂದು ಓದುತ್ತಾರೆ. ಒಂದಕ್ಷರ ತಪ್ಪಿದರೆ ಬೇರೆಯವರ ಚೀಸು ಕೊಳ್ಳುತ್ತಾರೆ. ವೇಲ್ಸ್ ಎಂದರೆ ಮಗುವೂ ಸರಿಯಾಗಿ ಒತ್ತುತ್ತದೆ. ಇದು ವ್ಯಾಪಾರ.

ನೀವು ಬಿಟ್ಟು ಹೋದ ದಿನ ಈ ಮನೆಯ ಸೂರು ಸೋರುತ್ತಿತ್ತು, ಕೊಟ್ಟಿಗೆಗೆ ಬಾಗಿಲಿರಲಿಲ್ಲ. ಉಣ್ಣೆ ಕೊಳ್ಳುವವರಿರಲಿಲ್ಲ. ಕುರಿಹಾಲಿನ ಚೀಸು ಎಂದಾಗ ನೀವು ನಕ್ಕಿರಿ. "ಹಾಲು ಕರೆಯೋಕೆ ದನ ಇಲ್ವಾ ದೇಶದಲ್ಲಿ?" ಎಂದಿರಿ. ಈಗ ಚಾಪೆಲಿನ ಹಬ್ಬದ ಮೇಜಿಗೆ ಅದೇ ಚೀಸು ಬಂದಿದೆ. ಅದರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದೇ ಸಾಲು, ಉಳಿದದ್ದೆಲ್ಲ ಬಾಲದ್ದು.

ಚೀಟಿಗಳು ಅಚ್ಚಾಗಿವೆ. ಬದಲಾಯಿಸುವುದಿಲ್ಲ.

ಒಂದು ಮಾತು. ವೇಲ್ಸ್ ಎಂದರೆ ಏನು ಅರ್ಥ ಎಂದು ನನಗೆ ಗೊತ್ತು. ಸ್ಟೋಕ್‌ನ ಶಾಲೆಯಲ್ಲಿ ಕಲಿಸಲಿಲ್ಲ, ನಿಜ. ನಿಮ್ಮ ಅಡುಗೆಮನೆಯಲ್ಲಿ ಕಲಿತೆ.

ಶೆರಿಲ್ ಪ್ರೊಬರ್ಟ್

*

ಹಾರ್ಲೆಕ್
2 ಏಪ್ರಿಲ್ 2019

ಶೆರಿಲ್ ಅವರಿಗೆ,

ನನ್ನ ಅಡುಗೆಮನೆಯಲ್ಲಿ ನಿಮಗೆ ಯಾರೂ ಕೆಟ್ಟ ಮಾತು ಆಡಿಲ್ಲ. ಹನ್ನೊಂದು ವರ್ಷದಲ್ಲಿ ನಾನು ನಿಮ್ಮ ಮೇಲೆ ಒಂದು ದಿನ ದನಿ ಎತ್ತಿದ್ದಿದ್ದರೆ ಹೇಳಿ. ಬಂದ ದಿನದಿಂದ ಅತಿಥಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದೇನೆ. ಇಂಥ ಚುಚ್ಚುಮಾತು ಬರೆಯುವ ಮೊದಲು ಯೋಚಿಸಬೇಕಿತ್ತು.

ಇರಲಿ. ನೀವು ವ್ಯಾಪಾರ ಎಂದಿರಿ. ನಾನೂ ಒಂದು ವ್ಯಾಪಾರ ಮಾಡಿದ್ದೇನೆ, ತಿಳಿಸಿಬಿಡುವುದು ಮರ್ಯಾದೆ.

ಬ್ರಿನ್ ಮೆಲಿನ್ ಡಾಟ್ ಕಮ್ರಿ ಇನ್ನೂ ಯಾರೂ ಕೊಂಡಿರಲಿಲ್ಲ. ಬೆಟ್ಸಾನ್ ತನ್ನ ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದಳು. ಇಂಥದು ಕೊಳ್ಳುವುದು ಎಂದರೆ ವಕೀಲರು, ಸಹಿ, ಸಾಕ್ಷಿ ಎಂದುಕೊಂಡಿದ್ದೆ. ಒಂದು ಕಪ್ ಚಹಾ ಆರುವುದರೊಳಗೆ ಆಗಿಹೋಯಿತು. ಈಗ ಅದು ನನ್ನ ಹೆಸರಿನಲ್ಲಿದೆ. ಅಲ್ಲಿ ಒಂದು ಪುಟವನ್ನೂ ಹಾಕಿಸಿದ್ದೇನೆ. ನಮ್ಮ ವೆಲ್ಶ್ ಭಾಷೆಯಲ್ಲಿ ಎರಡೇ ಸಾಲು:

‘ಬ್ರಿನ್ ಮೆಲಿನ್ ಪ್ರೊಬರ್ಟ್ ಮನೆತನದ ನೆಲ. ಈ ಹೆಸರಿಗೆ ಪರದೇಶದ ಬಾಲ ಕಟ್ಟಿ ಮಾರುತ್ತಿರುವ ಚೀಸಿಗೂ ಈ ಮನೆತನಕ್ಕೂ ಸಂಬಂಧವಿಲ್ಲ.’

ಬೆಟ್ಸಾನ್ ಎರಡನೆಯ ಸಾಲು ಬೇಡ ಎಂದಳು. "ಅಕ್ಕಾ, ಇದು ಸ್ವಲ್ಪ ಜಾಸ್ತಿ ಆಯ್ತು" ಎಂದಳು. ನಾನು ಬೇಕು ಎಂದೆ. ನೀವು ಬದಲಾಯಿಸಿದ ದಿನ ನಾನೂ ತೆಗೆಯುತ್ತೇನೆ.

ಗೆರೈಂಟ್ ಹದಿನಾರು ವರ್ಷದವನಿದ್ದಾಗ ರಸ್ತೆಯ ಇಂಗ್ಲಿಷ್ ಬೋರ್ಡಿಗೆ ಹಸಿರು ಬಣ್ಣ ಬಳಿದು ಪೊಲೀಸರ ಜೀಪಿನಲ್ಲಿ ಮನೆಗೆ ಬಂದಿದ್ದ. ಅವನ ಅಪ್ಪ ಬೈಯಲಿಲ್ಲ, ಅಂಗಿಯ ಬಣ್ಣ ಹೋಗಲಿ ಎಂದು ಸೀಮೆಎಣ್ಣೆ ತಂದುಕೊಟ್ಟರು. ಅಂಥ ಮನೆ ಅದು.

ಎಲುನೆಡ್ ಪ್ರೊಬರ್ಟ್

*

ಬ್ರಿನ್ ಮೆಲಿನ್
20 ಮೇ 2019

ಎಲುನೆಡ್ ಅವರಿಗೆ,

ಏಳು ವಾರ ಉತ್ತರ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ನಿಮ್ಮ ಎರಡು ಸಾಲು ಏನು ಮಾಡಿತು ಎಂದು ಮೊದಲು ಕೇಳಿ. ಆಗಸ್ಟಿನ ವೆಲ್ಶ್ ಭಾಷೆಯ ಹಬ್ಬದ ತಿಂಡಿ ಡೇರೆಯಲ್ಲಿ ನನಗೆ ಜಾಗ ಸಿಕ್ಕಿತ್ತು. ಅದಕ್ಕಾಗಿ ಎರಡು ವರ್ಷದಿಂದ ಅರ್ಜಿ ಹಾಕುತ್ತಿದ್ದೆ. ಯಾರೋ ನಿಮ್ಮ ಪುಟವನ್ನು ಅವರಿಗೆ ತೋರಿಸಿದರು. ಮನೆತನವೇ ಒಪ್ಪದ ಚೀಸನ್ನು ಇಡುವುದು ಕಷ್ಟ ಎಂದು ಬಹಳ ನಯವಾಗಿ ಬರೆದು ಜಾಗ ವಾಪಸ್ ಪಡೆದರು. ಕೊರ್ವೆನ್‌ನ ಅಂಗಡಿಯವನು ಚೀಸನ್ನು ಕಪಾಟಿನ ಕೆಳಗಿನ ಹಲಗೆಗೆ ಇಳಿಸಿದ್ದಾನೆ. ಸಂತೆಯಲ್ಲಿ ನಾನು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಕುರಿಗಳಿಗೆ ಇದು ಯಾವುದೂ ಗೊತ್ತಿಲ್ಲ, ಅವು ದಿನಕ್ಕೆ ಎರಡು ಸಲ ಕೆಚ್ಚಲು ತುಂಬಿಕೊಂಡು ಬರುತ್ತವೆ.

ನೀವು ಕೇಳಿದಿರಿ, ಒಂದು ದಿನ ದನಿ ಎತ್ತಿದ್ದೇನೆಯೇ ಎಂದು. ಇಲ್ಲ. ಎತ್ತಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ನಾನು ಕೊರ್ವೆನ್ ಶಾಲೆಯ ಸಂಜೆಯ ವೆಲ್ಶ್ ತರಗತಿಗೆ ನಾಲ್ಕು ಚಳಿಗಾಲ ಹೋದೆ. ಹಿಮದಲ್ಲಿ ಟ್ರ್ಯಾಕ್ಟರ್ ಹತ್ತಿ ಹೋದದ್ದಿದೆ. ಕಲಿತು ಬಂದದ್ದನ್ನು ಮಾರನೆಯ ಬೆಳಿಗ್ಗೆ ನಿಮ್ಮ ಮುಂದೆ ಇಡುತ್ತಿದ್ದೆ. "ಚಹಾ ಕುಡೀತೀರಾ?" ಎಂದು ನಿಮ್ಮ ಭಾಷೆಯಲ್ಲಿ ಕೇಳುತ್ತಿದ್ದೆ. ನೀವು ನಗುತ್ತ ಇಂಗ್ಲಿಷಿನಲ್ಲಿ, ಕೊಡಿ, ಸಕ್ಕರೆ ಒಂದೇ ಚಮಚ ಸಾಕು ಎನ್ನುತ್ತಿದ್ದಿರಿ. ಮಳೆ ಬರುವ ಹಾಗಿದೆ ಎಂದು ವೆಲ್ಶ್‌ನಲ್ಲಿ ಹೇಳಿದರೆ ಹೌದು ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಿರಿ. ಆಮೇಲೆ ಬಗ್ಗಿ ಟೋಸ್‌ನ ಕಿವಿ ಹಿಡಿದು, "ಬಾರೋ ಬಂಗಾರ, ಏನ್ ತಿಂದ್ಯೋ ಇವತ್ತು ಕಳ್ಳ?" ಎಂದು ವೆಲ್ಶ್‌ನಲ್ಲಿ ಮುದ್ದು ಮಾಡುತ್ತಿದ್ದಿರಿ.

ನಾಯಿಗೆ ಕೊಟ್ಟ ಭಾಷೆಯನ್ನು ನೀವು ನನಗೆ ಕೊಡಲಿಲ್ಲ.

ಗೆರೈಂಟ್‌ಗೆ ಹೇಳಿದರೆ, "ಅಮ್ಮಂಗೆ ಒಳ್ಳೇ ಮನಸ್ಸು ಕಣೆ, ನಿಂಗೆ ಕಷ್ಟ ಆಗ್ಬಾರ್ದು ಅಂತ" ಎನ್ನುತ್ತಿದ್ದ. ಹಾಗಾಗಿ ಬಾಯಿ ಮುಚ್ಚಿಕೊಂಡೆ. ಅವನ ಜೊತೆ ಮಾತ್ರ ವೆಲ್ಶ್ ಆಡುತ್ತಿದ್ದೆ, ಕೊಟ್ಟಿಗೆಯಲ್ಲಿ, ಗುಡ್ಡದ ಮೇಲೆ, ನೀವು ಇಲ್ಲದಾಗ.

ಇನ್ನು ಅವನ ಮಣ್ಣಿನ ದಿನ. ನಿಮಗೆ ನೆನಪಿರಲಿಕ್ಕಿಲ್ಲ. ಚಾಪೆಲಿನಲ್ಲಿ ಕೊನೆಗೆ ನಾನು ಎದ್ದು ನಿಂತೆ. ಬಂದವರಿಗೆ ನಾಲ್ಕು ಮಾತು ಹೇಳಬೇಕೆಂದು ಒಂದು ವಾರ ಒಬ್ಬಳೇ ಕುರಿಗಳಿಗೆ ಮೇವು ಹಾಕುತ್ತ ಬಾಯಿಪಾಠ ಮಾಡಿದ್ದೆ. ಮೊದಲ ಪದ ಹೇಳಿದೆ, ಎರಡನೆಯದರಲ್ಲಿ ನಾಲಿಗೆ ತೊಡರಿತು. ಅಷ್ಟರಲ್ಲಿ ನೀವು ಮುಂದಿನ ಬೆಂಚಿನಿಂದ ನನ್ನ ಕೈ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದಿರಿ:

"ಇಂಗ್ಲಿಷಲ್ಲೇ ಹೇಳಿ ಶೆರಿಲ್, ಪರವಾಗಿಲ್ಲ. ಎಲ್ರಿಗೂ ಅರ್ಥ ಆಗುತ್ತೆ."

ನಾನು ಕೂತುಬಿಟ್ಟೆ. ನನ್ನ ಗಂಡನ ಬಗ್ಗೆ ಆ ದಿನ ನಾನೊಬ್ಬಳೇ ಏನೂ ಹೇಳಲಿಲ್ಲ. ಬಂದವರು ಪಾಪ, ಅವಳಿಗೆ ಭಾಷೆ ಬರುವುದಿಲ್ಲ ಎಂದುಕೊಂಡು ಹೋದರು.

ಈಗ ಬಾಲದ ವಿಷಯ. ವ್ಯಾಪಾರ ಎಂದು ಬರೆದಿದ್ದೆ. ಅದು ಅರ್ಧ ನಿಜ. ಆ ಚೆಸ್ಟರಿನವನು ಎರಡು ಹೆಸರನ್ನೂ ಪಕ್ಕಪಕ್ಕದಲ್ಲಿ ತೋರಿಸಿ, ಬೇಕಾದರೆ ಎರಡನ್ನೂ ತೆಗೆದುಕೊಳ್ಳಬಹುದು ಎಂದ. ಕಮ್ರಿ ಎಂದರೆ ನಮ್ಮವರು. ನನ್ನ ಬೆರಳು ಅದರ ಮೇಲೇ ಇತ್ತು. ಯಾರ ನಮ್ಮವಳು ನಾನು, ಶೆರಿಲ್ ಎಂದು ಕೇಳಿಕೊಂಡೆ. ಆಮೇಲೆ ವೇಲ್ಸ್ ಒತ್ತಿದೆ. ನೀವು ಹನ್ನೊಂದು ವರ್ಷ ನನ್ನನ್ನು ಏನೆಂದು ಕರೆದಿರೋ ಅದನ್ನೇ ಬಾಗಿಲ ಮೇಲೆ ಬರೆಸಿದ್ದೇನೆ. ಅತಿಥಿ ಎಂದು ನೀವೇ ಬರೆದಿದ್ದೀರಲ್ಲ, ಪತ್ರ ನನ್ನ ಹತ್ತಿರ ಇದೆ.

ಶನಿವಾರ ಇಂಗ್ಲೆಂಡಿನ ಚೆಶರ್‌ನಿಂದ ಗಂಡ ಹೆಂಡತಿ ಬಂದಿದ್ದರು. ಬೇಸಿಗೆಯಲ್ಲಿ ಬಂದು ಇರಲು ಒಂದು ಮನೆ ಹುಡುಕುತ್ತಿದ್ದಾರೆ. ಈ ಮನೆ ತೋರಿಸಿದೆ. ಕಿಟಕಿಯಿಂದ ಕಾಣುವ ಗುಡ್ಡ ಅವರಿಗೆ ಬಹಳ ಹಿಡಿಸಿತು. ಮುಂದಿನ ತಿಂಗಳು ಮತ್ತೆ ಬರುತ್ತಾರೆ.

ಶೆರಿಲ್

*

ಹಾರ್ಲೆಕ್
11 ಜೂನ್ 2019

ಶೆರಿಲ್ ಅವರಿಗೆ,

ನಿಮ್ಮ ಪತ್ರ ಓದಿ ಮೊದಲು ಬೆಟ್ಸಾನ್‌ಳ ಮೇಲೆ ರೇಗಿದೆ, ಅವಳು ಏನೂ ಮಾಡಿರಲಿಲ್ಲ. ಆಮೇಲೆ ನಿಮ್ಮ ಮೇಲೆ. ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕೂತು, ಇಷ್ಟನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡು, ಬಾಯಿ ಬಿಡದೆ ಇದ್ದಿರಲ್ಲ. ಒಂದು ಮಾತು ಹೇಳಲು ಏನಾಗಿತ್ತು ನಿಮಗೆ? ‘ಎಲುನೆಡ್, ನನ್ನ ಜೊತೆ ವೆಲ್ಶ್‌ನಲ್ಲಿ ಮಾತಾಡಿ’ ಎಂದು? ಮೌನವಾಗಿ ಇದ್ದು ಲೆಕ್ಕ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ.

ನಾನು ಇಂಗ್ಲಿಷಿಗೆ ಹೊರಳಿದ್ದು ಮರ್ಯಾದೆಗೆ. ನನಗೆ ಆರು ವರ್ಷವಿದ್ದಾಗ ಅಪ್ಪನಿಗೆ ಕಾಯಿಲೆಯಾಗಿ ಇಂಗ್ಲಿಷ್ ಡಾಕ್ಟರು ಮನೆಗೆ ಬಂದಿದ್ದರು. ಅವರ ಎದುರಿಗೆ ನಾನು ಅಮ್ಮನನ್ನು ನಮ್ಮ ಭಾಷೆಯಲ್ಲಿ ನೀರು ಕೇಳಿದೆ. ಅಮ್ಮ ಕೆನ್ನೆಗೆ ಹೊಡೆದಳು. ಇಂಗ್ಲಿಷಿನವರು ಕೂತಿರುವಾಗ ವೆಲ್ಶ್ ಆಡುವುದು ಅವರ ಬೆನ್ನ ಹಿಂದೆ ಆಡಿಕೊಂಡ ಹಾಗೆ, ಅದು ಅವಮಾನ ಎಂದು ಹೇಳಿದಳು. ಊರಿನಲ್ಲಿ ನನ್ನ ವಯಸ್ಸಿನವರೆಲ್ಲ ಹಾಗೇ ಬೆಳೆದದ್ದು. ಬೀದಿಯಲ್ಲಿ ಬೋರ್ಡಿನ ಮೇಲೆ ಸಿಟ್ಟು ತೋರಿಸುತ್ತೇವೆ. ಮನೆಯಲ್ಲಿ ಎದುರಿಗೆ ಕೂತವರು ಒಂದು ಪದ ತಡವರಿಸಿದರೆ ನಾಲಿಗೆ ತಾನೇ ಹೊರಳುತ್ತದೆ. ಇದನ್ನು ಸಮರ್ಥನೆ ಎಂದು ಬರೆಯುತ್ತಿಲ್ಲ. ಹೇಗಿತ್ತೋ ಹಾಗೆ ಬರೆದಿದ್ದೇನೆ.

ಚೆಶರ್‌ನವರ ವಿಷಯ ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹೋದ ಮಂಗಳವಾರ ಬಸ್ಸು ಹಿಡಿದು ಬಂದೆ. ಹೌದು, ಬ್ರಿನ್ ಮೆಲಿನ್‌ಗೆ. ಮಾರಾಟದ ಬೋರ್ಡು ನೆಟ್ಟಿದ್ದರೆ ಕಿತ್ತು ಹಾಕುವುದು, ನಿಮಗೆ ಮುಖದ ಮೇಲೆ ನಾಲ್ಕು ಮಾತು ಹೇಳುವುದು, ಇಷ್ಟೇ ಉದ್ದೇಶ.

ಗೇಟಿನ ಹತ್ತಿರ ಬಂದಾಗ ಅಂಗಳದಲ್ಲಿ ಮೇವಿನ ಲಾರಿ ನಿಂತಿತ್ತು. ಡ್ರೈವರು ನೆನೆದ ಚೀಲಗಳನ್ನು ಇಳಿಸಿದ್ದ ಎಂದು ಕಾಣುತ್ತದೆ. ನೀವು ಅವನಿಗೆ ಬೆವರಿಳಿಸುತ್ತಿದ್ದಿರಿ. ವೆಲ್ಶ್‌ನಲ್ಲಿ. ನನ್ನ ಜೀವಮಾನದಲ್ಲಿ ಇಷ್ಟು ತಪ್ಪು ವ್ಯಾಕರಣದ ಬೈಗುಳ ಕೇಳಿಲ್ಲ. ಆ ಡ್ರೈವರಿಗೆ ಮಾತ್ರ ಚೆನ್ನಾಗಿ ಅರ್ಥವಾಗುತ್ತಿತ್ತು, ಚೀಲಗಳನ್ನು ವಾಪಸ್ ಏರಿಸುತ್ತಿದ್ದ. ಕೊನೆಗೆ ನೀವು ಸೊಂಟಕ್ಕೆ ಕೈ ಕೊಟ್ಟು ಹೇಳಿದಿರಿ:

"ನೀನೊಂದು ಒದ್ದೆ ಕಾಲುಚೀಲ ಕಣಯ್ಯಾ, ಹೋಗು."

ಆ ಬೈಗುಳ ನಮ್ಮ ಭಾಷೆಯಲ್ಲಿ ಇಲ್ಲ. ಯಾವ ಊರಿನಲ್ಲೂ ಇಲ್ಲ. ಗೆರೈಂಟ್ ಚಿಕ್ಕವನಿದ್ದಾಗ ಶಾಲೆಯಲ್ಲಿ ಯಾರ ಮೇಲೋ ಸಿಟ್ಟು ಬಂದು ತಾನೇ ಮಾಡಿಕೊಂಡದ್ದು. ಅವನು ಹೋದ ಮೇಲೆ ಅದನ್ನು ಇನ್ನು ಯಾರೂ ಆಡುವುದಿಲ್ಲ ಎಂದುಕೊಂಡಿದ್ದೆ. ಅವನು ಎಳೆಯುವ ಹಾಗೇ ನೀವೂ ಕೊನೆಯ ಅಕ್ಷರ ಎಳೆದಿರಿ.

ನಾನು ಗೇಟಿನ ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಬಂದ ದಾರಿಯಲ್ಲೇ ವಾಪಸ್ ಹೋದೆ.

ಮನೆ ಮಾರಿದರೆ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ. ಅದು ಬೇರೆ ವಿಷಯ.

ಎಲುನೆಡ್

*

ಬ್ರಿನ್ ಮೆಲಿನ್
18 ಜೂನ್ 2019

ಎಲುನೆಡ್ ಅವರಿಗೆ,

ಇದು ವೆಲ್ಶ್ ಪತ್ರ. ನಾನು ಬರೆದೆ. ಯಾರೂ ಸಹಾಯ ಮಾಡಲಿಲ್ಲ, ನಿಘಂಟು ಮಾತ್ರ ಮಾಡಿದಳು.

ನೀವು ಬಂದಿರಿ. ಗೇಟು ಹಿಡಿದಿರಿ. ಹೋದಿರಿ. ಬಾಗಿಲು ತಟ್ಟಲಿಲ್ಲ. ಯಾಕೆ? ಎರಡು ಬಸ್ಸು, ಅಷ್ಟು ದೂರ, ಆಮೇಲೆ ಬಾಗಿಲು ತಟ್ಟಲಿಲ್ಲ. ನನಗೆ ಸಿಟ್ಟು ಬಂದಿದ್ದಾನೆ. ನನ್ನ ಸಿಟ್ಟು ತುಂಬಾ ದೊಡ್ಡವನು.

ನೀವು ಹೇಳುತ್ತೀರಿ, ಯಾಕೆ ನೀನು ಕೇಳಲಿಲ್ಲ. ನಾನು ಕೇಳಿದೆ. ಪ್ರತಿ ಬೆಳಿಗ್ಗೆ ಕೇಳಿದೆ. ‘ಚಹಾ ಕುಡೀತೀರಾ’ ಎಂದರೆ ಅದೇ ಕೇಳುವುದು.

ಚೆಶರ್ ಜನ ಮತ್ತೆ ಬಂದ. ಹೆಂಡತಿ ಕೇಳಿದಳು, ಬ್ರಿನ್ ಮೆಲಿನ್ ಅರ್ಥ ಏನು? ನಾನು ಹೇಳಿದೆ, ಹಳದಿ ಗುಡ್ಡ. ಅವಳು ಹೇಳಿದಳು, ಹಾಗಾದರೆ ನಾವು ಇಂಗ್ಲಿಷ್ ಹೆಸರು ಇಡುತ್ತೇವೆ, ಈ ಹೆಸರು ನಮ್ಮ ಸ್ನೇಹಿತರಿಗೆ ಕಷ್ಟ. ಆಮೇಲೆ ನಾನು ವೆಲ್ಶ್ ಮಾತ್ರ ಮಾತಾಡಿದೆ. ಅವರು ಇಂಗ್ಲಿಷ್ ಕೇಳಿದರು, ನಾನು ವೆಲ್ಶ್. ಅವರು ಕಾರು ಹತ್ತಿದರು. ಟೋಸ್ ಕಾರಿನ ಹಿಂದೆ ಓಡಿದನು. ನಾನು ಮನೆ ಮಾರುವುದಿಲ್ಲ. ಇದು ನಿಮಗಾಗಿ ಅಲ್ಲ. ನಾನು ಇಲ್ಲಿ ಇರುವವಳು.

ಕುರಿಗಳು ಚೆನ್ನಾಗಿದ್ದಾನೆ.

ತಪ್ಪು ಇದ್ದರೆ ತಿದ್ದಿ. ಆದರೆ ಇಂಗ್ಲಿಷ್ ಉತ್ತರ ಬಂದರೆ ನಾನು ಓದುವುದಿಲ್ಲ, ಒಲೆಗೆ ಹಾಕುತ್ತೇನೆ.

ಶೆರಿಲ್

*

ಹಾರ್ಲೆಕ್
1 ಜುಲೈ 2019

ಶೆರಿಲ್,

ನಮ್ಮ ಭಾಷೆಯಲ್ಲಿ ಬರೆಯಲು ಕೂತು ಮೊದಲ ಸಾಲಿಗೇ ತಡೆದುಬಿಟ್ಟೆ. ಇಂಗ್ಲಿಷಿನಲ್ಲಿ ರಾಣಿಗೂ ನಾಯಿಗೂ ಒಂದೇ ಮಾತು, ಯೋಚನೆ ಮಾಡಬೇಕಾಗಿಲ್ಲ. ನಮ್ಮಲ್ಲಿ ನೀನು ಇದೆ, ನೀವು ಇದೆ, ಯಾವುದಾದರೂ ಒಂದನ್ನು ಹಿಡಿಯಲೇಬೇಕು. ‘ನೀವು’ ಎಂದು ಬರೆದೆ. ಡಾಕ್ಟರಿಗೆ ಬರೆದ ಹಾಗಿತ್ತು. ಹರಿದು ಹಾಕಿ ಮತ್ತೆ ಶುರು ಮಾಡಿದ್ದೇನೆ.

ನಿನಗೆ ಬುದ್ಧಿ ಇದೆಯಾ? ಕಂಡಕಂಡವರನ್ನು ಕರೆದು ನನ್ನ ಅತ್ತೆ ಮಾವ ಬಾಳಿದ ಮನೆಯನ್ನು ತೋರಿಸಿದೆಯಲ್ಲ, ಅದೂ ನನ್ನನ್ನು ಉರಿಸಲಿಕ್ಕೆ. ನಾಲ್ಕು ವಾರ ನಿದ್ದೆ ಮಾಡಿಲ್ಲ ನಾನು. ನೀನು ಅವರನ್ನು ಓಡಿಸಿದ ಕಥೆಯನ್ನು ಬೆಟ್ಸಾನ್‌ಗೆ ಓದಿ ಹೇಳಿದೆ. ಅವಳು ನಕ್ಕು ನಕ್ಕು ಕೆಮ್ಮು ಹಿಡಿಸಿಕೊಂಡಳು. ನಾನು ನಗಲಿಲ್ಲ. ಸ್ವಲ್ಪ ನಕ್ಕೆ.

ತಿದ್ದು ಎಂದೆ, ತಿದ್ದುತ್ತೇನೆ. ಸಿಟ್ಟು ಬಂದಿದ್ದಾನೆ ಅಲ್ಲ, ಬಂದಿದೆ. ಸಿಟ್ಟು ದೊಡ್ಡವನಲ್ಲ, ದೊಡ್ಡದು. ನಿಘಂಟು ಹೆಂಗಸಲ್ಲ. ಕುರಿಗಳು ಚೆನ್ನಾಗಿದ್ದಾನೆ ಎಂದು ಯಾವ ಲೋಕದಲ್ಲೂ ಹೇಳುವುದಿಲ್ಲ. ನಾಲ್ಕು ಚಳಿಗಾಲ ಆ ಕೊರ್ವೆನ್ ಶಾಲೆಯಲ್ಲಿ ನಿನಗೆ ಏನು ಕಲಿಸಿದರೋ ನನಗೆ ತಿಳಿಯದು. ‘ನಾನು ಇಲ್ಲಿ ಇರುವವಳು’ ಎಂಬ ಸಾಲು ಸರಿಯಾಗಿದೆ. ಅದರಲ್ಲಿ ತಿದ್ದುವುದು ಏನೂ ಇಲ್ಲ.

ಬಾಲದ ವಿಷಯ. ವೇಲ್ಸ್ ನನಗೆ ಈಗಲೂ ಸೇರುವುದಿಲ್ಲ, ಸಾಯುವವರೆಗೂ ಸೇರುವುದಿಲ್ಲ. ಕಮ್ರಿ ನನ್ನ ಹೆಸರಿನಲ್ಲೇ ಇರುತ್ತದೆ, ಕೊಡುವುದಿಲ್ಲ, ಕೇಳಬೇಡ. ಆದರೆ ಆ ಎರಡು ಸಾಲುಗಳನ್ನು ತೆಗೆಸಿದೆ. ಅಲ್ಲಿಗೆ ಬಂದವರನ್ನು ನೇರ ನಿನ್ನ ಪುಟಕ್ಕೆ ಕಳಿಸುವ ಏರ್ಪಾಡು ಇದೆಯಂತೆ. ಬೆಟ್ಸಾನ್ ಮಾಡಿದಳು. ಈಗ ಕಮ್ರಿ ಎಂದು ಒತ್ತಿದವರು ನಿನ್ನ ಚೀಸಿನ ಮುಂದೆ ಬಂದು ನಿಲ್ಲುತ್ತಾರೆ. ನಾನೇ ಒತ್ತಿ ನೋಡಿದೆ.

ಹಾಗೆ ನಿಂತಾಗ ಇನ್ನಷ್ಟು ಸಿಟ್ಟು ಬಂತು. ನಿನ್ನ ಇಡೀ ಪುಟದಲ್ಲಿ ಒಂದು ವೆಲ್ಶ್ ಸಾಲು ಇಲ್ಲ. ಮಾತು ಬರುವವಳು, ಲಾರಿ ಡ್ರೈವರಿಗೆ ಬೈಯಲು ಬರುವವಳು, ಬರೆಯಲು ಏನು ಧಾಡಿ? ಬರೆ. ನೀನೇ ಬರೆಯಬೇಕು, ಚೆಸ್ಟರಿನವನ ಕೈಯಲ್ಲಿ ಬರೆಸಬೇಡ. ತಪ್ಪುಗಳನ್ನು ನಾನು ನೋಡಿಕೊಳ್ಳುತ್ತೇನೆ.

ಹಬ್ಬದ ಡೇರೆಯವರಿಗೆ ಫೋನ್ ಮಾಡಿ, ‘ಆ ಪುಟ ಹಾಕಿಸಿದ್ದು ನಾನು, ಚೀಸು ನಮ್ಮದೇ’ ಎಂದೆ. ಜಾಗವನ್ನು ಬೇರೆಯವರಿಗೆ ಕೊಟ್ಟಾಗಿದೆಯಂತೆ. ಎಷ್ಟು ಹೇಳಿದರೂ ಕೇಳಲಿಲ್ಲ. ಅದು ನನ್ನಿಂದ ಹೋಯಿತು. ಈ ವರ್ಷಕ್ಕೆ ಅದನ್ನು ನಾನು ವಾಪಸ್ ತಂದುಕೊಡಲಾರೆ.

ಮಣ್ಣಿನ ದಿನದ್ದು. ನನಗೆ ನೆನಪಿದೆ. ನಿನ್ನ ಕೈ ತಣ್ಣಗಿತ್ತು. ನಿನ್ನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅದರ ಬಗ್ಗೆ ಕಾಗದದಲ್ಲಿ ಇನ್ನೇನೂ ಬರೆಯಲಾರೆ.

ಗುರುವಾರ ಬರುತ್ತೇನೆ. ಈ ಸಲ ಬಾಗಿಲು ತಟ್ಟುತ್ತೇನೆ. ಊಟಕ್ಕೆ ಏನೂ ಮಾಡಬೇಡ, ಬೆಟ್ಸಾನ್ ಹಣ್ಣಿನ ಬ್ರೆಡ್ಡು ಕಟ್ಟಿಕೊಡುತ್ತಾಳೆ, ನಿನ್ನ ಚೀಸಿದ್ದರೆ ಸಾಕು. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಅರವತ್ತೈದು ವರ್ಷದ ಅಭ್ಯಾಸ ನನ್ನದು. ನೀನು ಒಂದು ಪದಕ್ಕೆ ತಡವರಿಸಿದರೆ ಸಾಕು, ನನಗೆ ಗೊತ್ತಾಗುವ ಮೊದಲೇ ಇಂಗ್ಲಿಷ್ ಬಾಯಿಗೆ ಬಂದುಬಿಡುತ್ತದೆ. ಹಾಗೆ ಬಂದರೆ ಸುಮ್ಮನಿರಬೇಡ, ನಗಬೇಡ, ಚಹಾ ಸುರಿಯಬೇಡ. ನನ್ನ ಮೇಲೆ ರೇಗು. ದನಿ ಎತ್ತಿ ರೇಗು. ವೆಲ್ಶ್‌ನಲ್ಲಿ ರೇಗು.

ಎಲುನೆಡ್